ಕಟ್ಟಿದ್ದೇ ಕಟ್ಟಿದ್ದು, ಅಸಲು ಮಾತ್ರ ಹಾಗೇ ಇದೆ

ಸಾಲದ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು "ಎಷ್ಟು ಪರ್ಸೆಂಟು?" ಅಂತ. ಎರಡು ಅಂದರೆ ಪರವಾಗಿಲ್ಲ, ಹತ್ತು ಅಂದರೆ ಅಯ್ಯೋ. ನನ್ನ ತಕರಾರು ಈ ಪ್ರಶ್ನೆಯ ಮೇಲೇ. ಬಡ್ಡಿ ವ್ಯವಹಾರದಲ್ಲಿ ಪಳಗಿದವರಿಗೂ ನಾವು ಇದೊಂದನ್ನೇ ಕೇಳಿ ಸುಮ್ಮನಾದರೆ ಸಾಕು. ಕೈಗೆ ಎಷ್ಟು ಬಂತು, ಇವತ್ತಿನವರೆಗೆ ಒಟ್ಟು ಎಷ್ಟು ಕಟ್ಟಾಯಿತು ಅನ್ನುವ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ನೋಡುವ ಸಾಲಗಾರರು ತುಂಬ ಕಡಿಮೆ. ನೋಡಿದರೆ ರಾತ್ರಿ ನಿದ್ದೆ ಹತ್ತುವುದಿಲ್ಲ, ಅದೂ ನಿಜ.

ದಿನದ ವಸೂಲಿಯ ಸಾಲವನ್ನೇ ತಗೊಳ್ಳಿ. ನೂರು ಅಂತ ಬರೆದುಕೊಳ್ಳುತ್ತಾರೆ. ಹತ್ತು ಮೊದಲೇ ಹಿಡಿದುಕೊಂಡು ತೊಂಬತ್ತು ಕೈಗಿಡುತ್ತಾರೆ. ದಿನಕ್ಕೊಂದರಂತೆ ನೂರು ದಿನ ಕಟ್ಟಬೇಕು. ಹತ್ತೇ ಪರ್ಸೆಂಟು ತಾನೇ ಅನ್ನಿಸುತ್ತದೆ. ಆದರೆ ಆ ತೊಂಬತ್ತು ನೂರು ದಿನವೂ ನಿಮ್ಮ ಹತ್ತಿರ ಇರುವುದಿಲ್ಲವಲ್ಲ! ಮೊದಲ ದಿನದಿಂದಲೇ ವಾಪಸ್ ಹೋಗಲು ಶುರುವಾಗುತ್ತದೆ. ಸರಾಸರಿ ತೆಗೆದರೆ ನೀವು ನಿಜವಾಗಿ ಬಳಸಿದ್ದು ಐವತ್ತಕ್ಕೂ ಕಡಿಮೆ, ಅದೂ ಮೂರು ಚಿಲ್ಲರೆ ತಿಂಗಳು. ವರ್ಷದ ಲೆಕ್ಕಕ್ಕೆ ತಂದರೆ ಬಡ್ಡಿ ಶೇ. 75ನ್ನೂ ದಾಟುತ್ತದೆ. ಲೈಸೆನ್ಸ್ ಇರುವವರೂ ಇದರ ಚಿಕ್ಕ ಆವೃತ್ತಿಯನ್ನು ನಡೆಸುತ್ತಾರೆ, ಅದಕ್ಕೆ ಫ್ಲಾಟ್ ರೇಟ್ ಅಂತ ಹೆಸರು. ಅಸಲು ಕರಗುತ್ತ ಬಂದರೂ ಬಡ್ಡಿ ಮಾತ್ರ ಮೊದಲಿನ ಪೂರ್ತಿ ಮೊತ್ತದ ಮೇಲೇ. ಒಂದು ವರ್ಷದ ಕಂತಿನ ಸಾಲಕ್ಕೆ ಫ್ಲಾಟ್ 12 ಅಂದರೆ, ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದಾಗ 21 ದಾಟಿರುತ್ತದೆ.

ಇನ್ನು ತಿಂಗಳಿಗೆ ನೂರಕ್ಕೆ ಹತ್ತು. ಬರೀ ಬಡ್ಡಿ ಕಟ್ಟುತ್ತ ಹೋದವನು ಹತ್ತು ತಿಂಗಳಲ್ಲಿ ನೂರು ಕಟ್ಟಿರುತ್ತಾನೆ, ಅಸಲು ಅಲುಗಾಡಿರುವುದಿಲ್ಲ. ಕಟ್ಟದೆ ಬಿಟ್ಟು ಚಕ್ರಬಡ್ಡಿ ಬಿದ್ದರೆ ವರ್ಷಕ್ಕೆ 314, ಎರಡನೇ ವರ್ಷದ ಕೊನೆಗೆ 985. ಇದನ್ನು ದುಡಿದು ತೀರಿಸುವ ಕಸುಬು ಯಾವುದಿದೆ ಅಂತ ನನಗಂತೂ ಹೊಳೆಯುತ್ತಿಲ್ಲ.

ಪರಿಚಯದ ಹೆಂಗಸೊಬ್ಬರು, ಬಟ್ಟೆ ಹೊಲಿದು ಸಂಸಾರ ತೂಗಿಸುವವರು, ಒಮ್ಮೆ ತಮ್ಮ ಸಾಲದ ನೋಟ್‌ಬುಕ್ ತೋರಿಸಿದ್ದರು. ಮಗನ ಆಪರೇಷನ್‌ಗೆ ತೆಗೆದಿದ್ದ ಸಾಲ. ಪುಟದ ತುಂಬ ತಾರೀಕುಗಳು. ಕಟ್ಟಿದ ದಿನಕ್ಕೆ ನೀಲಿ ಗುರುತು, ತಪ್ಪಿದ ದಿನಕ್ಕೆ ಕೆಂಪು, ಕೆಂಪಿನ ಪಕ್ಕ ದಂಡ. ಎಷ್ಟು ಹುಡುಕಿದರೂ ಅಸಲು ಎಷ್ಟು ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ. ಕೇಳಿದರೆ, "ಅದು ಅವರ ಹತ್ರ ಇರುತ್ತೆ" ಅಂದರು. ಸಹಿ ಹಾಕಿಸಿಕೊಂಡ ಖಾಲಿ ಕಾಗದವೂ ಅವರ ಹತ್ತಿರವೇ ಇತ್ತು. ಇಬ್ಬರೂ ಕೂತು ಕೂಡಿಸಿದೆವು. ಕೈಗೆ ಬಂದದ್ದರ ಎರಡರಷ್ಟು ಆಗಲೇ ಹೋಗಿತ್ತು, ಬಾಕಿ ಇನ್ನೂ ನಿಂತಿತ್ತು. "ಹಾಗಾದ್ರೆ ನಾನು ದಡ್ಡಿ ಅಂತೀರಾ?" ಅಂದರು. ಬಟ್ಟೆ ಒಂದು ಬೆರಳಗಲ ಹಾಳಾಗದ ಹಾಗೆ ಕತ್ತರಿಸುವ ಆಕೆಗೆ ಲೆಕ್ಕ ಬರುವುದಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಲೆಕ್ಕ ಕಣ್ಣಿಗೆ ಬೀಳದ ಹಾಗೆ ಆ ನೋಟ್‌ಬುಕ್ಕನ್ನು ಮಾಡಲಾಗಿತ್ತು.

ಹಣದ ಬಿಕ್ಕಟ್ಟು ತಲೆಯನ್ನು ಏನು ಮಾಡುತ್ತದೆ ಅನ್ನುವುದಕ್ಕೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ, ಬುದ್ಧಿಗೆ ಸಂಬಂಧಿಸಿದ ಪರೀಕ್ಷೆ ಕೊಟ್ಟರು. ಕಟಾವಾಗಿ ಹಣ ಬಂದ ಮೇಲೆ ಅದೇ ರೈತರಿಗೆ ಮತ್ತೆ ಕೊಟ್ಟರು. ಎರಡನೇ ಸಲ ಅದೇ ಜನ ಚೆನ್ನಾಗಿ ಮಾಡಿದರು. ಸಾಲಗಾರ ತಪ್ಪು ನಿರ್ಧಾರ ಮಾಡಿದ, ಒಂದು ಸಾಲ ತೀರಿಸಲು ಇನ್ನೊಂದು ಎತ್ತಿದ ಅಂತ ದೂರ ಕೂತು ತೀರ್ಪು ಕೊಡುವವರು ಇದನ್ನು ಸ್ವಲ್ಪ ಓದಬೇಕು.

ಮನೆಯೊಳಗಿನ ಕಥೆ ಯಾವ ಅಧ್ಯಯನಕ್ಕೂ ಪೂರ್ತಿ ಸಿಗುವುದಿಲ್ಲ. ಬಾಗಿಲು ಬಡಿದಾಗ "ಅಪ್ಪ ಇಲ್ಲ ಅನ್ನು" ಅಂತ ಮಗುವನ್ನು ಕಳಿಸುವುದು. ಫೋನ್ ಸೈಲೆಂಟ್‌ನಲ್ಲಿಟ್ಟು, ಕೊನೆಗೆ ಕೆಲಸಕ್ಕೆ ಕರೆಯುವವರ ಕಾಲ್ ಕೂಡ ತಪ್ಪಿಸಿಕೊಳ್ಳುವುದು. ಹತ್ತಿರದವರ ಮದುವೆಗೂ ಹೋಗದಿರುವುದು, ಅಲ್ಲಿ ಆ ಮನುಷ್ಯ ಸಿಕ್ಕರೆ? ವಸೂಲಿಗೆ ಬಂದವನು ದನಿ ಎತ್ತರಿಸುವುದು ಒಳಗಿದ್ದವರಿಗೆ ಕೇಳಿಸಲೆಂದೇನೂ ಅಲ್ಲ, ಪಕ್ಕದ ಮನೆಯವರಿಗೆ ಕೇಳಿಸಲಿ ಅಂತ. ಏನೂ ಅಡವಿಡದೆ ಸಾಲ ಕೊಟ್ಟೆ ಅನ್ನುವವನು ಅಡವಿಟ್ಟುಕೊಂಡಿರುವುದು ಮಾನವನ್ನು. ಈಗ ಆ ಕೆಲಸವನ್ನು ಮೊಬೈಲ್ ಆ್ಯಪ್‌ಗಳೂ ಕಲಿತಿವೆ. ಕಾಂಟ್ಯಾಕ್ಟ್ ಪಟ್ಟಿ ಎತ್ತಿಕೊಂಡು ನಿಮ್ಮ ನೆಂಟರಿಗೆಲ್ಲ ಮೆಸೇಜ್ ಹಾಕುತ್ತವೆ.

ಇದಕ್ಕೆ ಮದ್ದು ಹುಡುಕಿದವರಲ್ಲಿ ನಾವು ಮೊದಲಿಗರೇನಲ್ಲ. ಸುಮಾರು 3,750 ವರ್ಷ ಹಿಂದಿನ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದಲ್ಲಿ, ನೆರೆಯಿಂದಲೋ ನೀರಿಲ್ಲದೆಯೋ ಬೆಳೆ ಹೋದರೆ ಸಾಲಗಾರ ಆ ವರ್ಷದ ಬಡ್ಡಿ ಕೊಡಬೇಕಿಲ್ಲ. ಸಾಲಕ್ಕಾಗಿ ಜೀತಕ್ಕೆ ಹೋದ ಹೆಂಡತಿ ಮಕ್ಕಳನ್ನು ಮೂರು ವರ್ಷವಾದ ಮೇಲೆ ಬಿಡಬೇಕು. ಕ್ರಿ.ಪೂ. 594ರ ಸುಮಾರಿಗೆ ಗ್ರೀಸಿನ ಅಥೆನ್ಸ್‌ನಲ್ಲಿ ಕಾನೂನು ರೂಪಿಸಿದ ಸೋಲೊನ್ ಮನುಷ್ಯನನ್ನೇ ಒತ್ತೆಯಿಟ್ಟು ಸಾಲ ಪಡೆಯುವುದನ್ನು ನಿಲ್ಲಿಸಿದ. ಕೌಟಿಲ್ಯ ತಿಂಗಳಿಗೆ ನೂರು ಪಣಕ್ಕೆ ಒಂದೂಕಾಲು ಪಣ, ಅಂದರೆ ವರ್ಷಕ್ಕೆ ಶೇ. 15, ನ್ಯಾಯದ ಬಡ್ಡಿ ಅಂದ. ಸಮುದ್ರ ವ್ಯಾಪಾರಕ್ಕೆ ತಿಂಗಳಿಗೆ ಇಪ್ಪತ್ತರವರೆಗೂ ಬಿಟ್ಟ, ಹಡಗು ಮುಳುಗುವ ಅಪಾಯ ಅವನಿಗೂ ಗೊತ್ತಿತ್ತು.

ನನಗೆ ಇವೆಲ್ಲಕ್ಕಿಂತ ಹಿಡಿಸುವುದು ದಾಮ್‌ದುಪ್ಪಟ್ಟು. ಬಡ್ಡಿ ಅಸಲನ್ನು ಮೀರುವಂತಿಲ್ಲ, ಎಷ್ಟೇ ವರ್ಷವಾಗಲಿ. ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿ ಈ ಮಾತಿದೆ, ರೋಮನ್ ಕಾನೂನಿನಲ್ಲೂ ಇಂಥದ್ದೇ ಇತ್ತು, ದಕ್ಷಿಣ ಆಫ್ರಿಕಾದಲ್ಲಿ ಇವತ್ತಿಗೂ ಜಾರಿಯಲ್ಲಿದೆ. ಆದರೆ ಹಳೆಯ ನಿಯಮದಲ್ಲೊಂದು ತೂತು ಉಂಟು. ಅದು ಅನ್ವಯಿಸುವುದು ಒಂದೇ ಸಲಕ್ಕೆ ವಸೂಲಾಗುವ ಬಡ್ಡಿಗೆ. ದಿನದಿನವೂ, ತಿಂಗಳು ತಿಂಗಳೂ ಕಿತ್ತುಕೊಂಡರೆ ಮಿತಿ ತಾಗುವುದೇ ಇಲ್ಲ. ಮೀಟರ್ ಬಡ್ಡಿಯವರು ಧರ್ಮಶಾಸ್ತ್ರ ಓದಿದವರಲ್ಲ, ಆದರೂ ನೇರವಾಗಿ ಆ ತೂತಿನಲ್ಲೇ ಹೋಗಿ ಕೂತಿದ್ದಾರೆ.

ಹಾಗಾಗಿ ದರಕ್ಕೆ ಮಿತಿ ಹಾಕಿದರೆ ಸಾಲದು. ಮುಂಗಡ ಕಡಿತ, ಕಂತು, ದಂಡ, "ಪ್ರೊಸೆಸಿಂಗ್" ಎಲ್ಲ ಸೇರಿ, ಕಟ್ಟಿದ ಒಟ್ಟು ಮೊತ್ತ ಕೈಗೆ ಬಂದದ್ದರ ಇಮ್ಮಡಿಯಾದ ದಿನ ಸಾಲ ತೀರಿತು ಅಂತ ಕಾನೂನೇ ಹೇಳಬೇಕು.

ಕೊಟ್ಟವನಿಗೆ ರಿಸ್ಕ್ ಇಲ್ಲವೇ ಅಂತೀರಿ. ಇದೆ, ಹತ್ತರಲ್ಲಿ ಇಬ್ಬರು ಕೈ ಎತ್ತಬಹುದು. ಇಮ್ಮಡಿ ವಸೂಲಿಯಲ್ಲಿ ಅದೂ ತುಂಬಿಬರುತ್ತದೆ. ಸಾಲಮನ್ನಾ ಮಾಡಿಬಿಟ್ಟರೆ ಆಯಿತಲ್ಲ ಅನ್ನುವವರಿಗೆ ಬೇರೆ ಉತ್ತರ. ಭಾರತ ಮತ್ತು ಫಿಲಿಪ್ಪೀನ್ಸ್‌ನಲ್ಲಿ ಸಂಶೋಧಕರು ಸಣ್ಣ ವ್ಯಾಪಾರಿಗಳ ಬಡ್ಡಿ ಸಾಲವನ್ನು ತಾವೇ ಪೂರ್ತಿ ತೀರಿಸಿ ನೋಡಿದರು. ಹೆಚ್ಚಿನವರು ಆರು ವಾರದೊಳಗೆ ಮತ್ತೆ ಸಾಲಕ್ಕೆ ಬಿದ್ದರು. ದುಡಿಮೆ ಅಷ್ಟೇ ಇದ್ದು, ಕಾಯಿಲೆ ಕಸಾಲೆ ಹಾಗೇ ಇರುವಾಗ ಇನ್ನೇನಾದೀತು? ಒಮ್ಮೆ ತೊಳೆದು ಕೊಡುವುದಕ್ಕಿಂತ ಮುಂದಿನ ಸಾಲ ಬೆಳೆಯದಂತೆ ಬೇಲಿ ಹಾಕುವುದು ಮೇಲು.

ಬೇಲಿ ಹಾಕಿದರೆ ಬಡವರಿಗೆ ಸಾಲವೇ ಹುಟ್ಟುವುದಿಲ್ಲ, ಕಳ್ಳ ಲೇವಾದೇವಿಯವರ ಬಾಯಿಗೆ ಬೀಳುತ್ತಾರೆ ಅನ್ನುವುದು ಕೊನೆಯ ವಾದ. ನಾನೂ ಇದನ್ನು ಸುಲಭಕ್ಕೆ ತಳ್ಳಿಹಾಕುವುದಿಲ್ಲ. ಬ್ರಿಟನ್ 2015ರ ಜನವರಿಯಲ್ಲಿ ಸಂಬಳದ ಮುಂಚಿನ ಕೈಸಾಲಗಳಿಗೆ ಇಂಥದ್ದೇ ಬೇಲಿ ಹಾಕಿತು. ಬಡ್ಡಿ, ಶುಲ್ಕ ಎರಡೂ ಸೇರಿ ದಿನಕ್ಕೆ ಶೇ. 0.8 ದಾಟಬಾರದು, ಒಟ್ಟು ಖರ್ಚು ಪಡೆದ ಮೊತ್ತವನ್ನು ಮೀರಬಾರದು. ಸಾಲ ಕೊಡುವ ಕಂಪನಿಗಳು ಎಷ್ಟೋ ಮುಚ್ಚಿದವು, ಸಾಲ ಸಿಗುವುದೂ ಕಡಿಮೆಯಾಯಿತು. 2017ರಲ್ಲಿ ಅಲ್ಲಿನ ನಿಯಂತ್ರಕರು ಪರಿಶೀಲಿಸಿದಾಗ, ಸಾಲ ಸಿಗದೆ ವಾಪಸಾದವರು ಅದರಿಂದಾಗಿ ಅಕ್ರಮ ಲೇವಾದೇವಿಯವರ ಕಡೆ ಹೆಚ್ಚು ಹೋದರು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಮಿತಿಯನ್ನು ಹಾಗೇ ಉಳಿಸಿಕೊಂಡರು.

ಕಾನೂನು ಬರುವಾಗ ಬರಲಿ. ಈಗಾಗಲೇ ಸಿಕ್ಕಿಬಿದ್ದವರು ಇಲ್ಲಿ ಯಾರಾದರೂ ಇದ್ದರೆ, ಕೈಗೆ ಬಂದ ಮೊತ್ತ, ತಾರೀಕು, ಕಟ್ಟಿದ ಪ್ರತಿಯೊಂದು ಕಂತು ನಿಮ್ಮದೇ ಪುಸ್ತಕದಲ್ಲಿ ನಿಮ್ಮದೇ ಕೈಯಲ್ಲಿ ಬರೆದಿಡಿ. ರಸೀದಿ ಕೊಡಲ್ಲ ಅಂದರೆ ನಗದು ಬಿಟ್ಟು ಬ್ಯಾಂಕ್ ಖಾತೆಯಿಂದಲೇ ಕಳಿಸಿ, ಗುರುತು ಉಳಿಯುತ್ತದೆ. ಖಾಲಿ ಚೆಕ್, ಖಾಲಿ ಕಾಗದಕ್ಕೆ ಸಹಿ ಹಾಕಿದ್ದರೆ ಎಷ್ಟು, ಯಾವತ್ತು ಅನ್ನುವುದನ್ನೂ ಬರೆದುಕೊಳ್ಳಿ. ಕಾನೂನು ನೆರವು ಕೇಳಿಕೊಂಡು ಹೋದಾಗ ವಕೀಲರು ಮೊದಲು ಕೇಳುವುದೇ ಈ ಲೆಕ್ಕವನ್ನು.