ಶಿರಾಡಿ ಬಂದ್ ಅನ್ನಬಹುದು, ಯಾಕೆ ಬಂದ್ ಅಂತ ಕೇಳಂಗಿಲ್ಲ

ಆಂಡ್ರ್ಯೂ ಮಾರ್ ಅಂತ ಒಬ್ರು ಬ್ರಿಟಿಷ್ ಪತ್ರಕರ್ತರಿದಾರೆ, ನಮ್ ಕಡೆ ಜಾಸ್ತಿ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಅವರ ಬಗ್ಗೆ ಓದ್ತಾ ಅವರ ಕಾರ್ಯಕ್ರಮ ಕೇಳ್ತಾ ನಂಗೆ ನಮ್ಮ ಹಾಸನದ್ದೇ ಒಂದು ವಿಷ್ಯ ತಲೇಲಿ ಕೊರೀತಾ ಇದೆ, ನಮ್ಮ ಕಡೆ ಖಾಸಗಿ ರೇಡಿಯೋ ಯಾಕೆ ಸುದ್ದಿ ಹೇಳಂಗಿಲ್ಲ ಅಂತ, ಇವತ್ತು ಬರ್ದೇ ಬಿಡೋಣ ಅಂತ ಕೂತಿದೀನಿ. ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮಾರ್ ಹುಟ್ಟಿದ್ದು 1959ರಲ್ಲಿ, ಗ್ಲಾಸ್ಗೋದಲ್ಲಿ. ಸ್ಕಾಟ್ಸ್‌ಮನ್ ಪತ್ರಿಕೇಲಿ ಕೆಲಸ ಕಲಿತ್ರು, 1986ರಲ್ಲಿ ದಿ ಇಂಡಿಪೆಂಡೆಂಟ್ ಶುರುವಾದಾಗ ಮೊದಲ ತಂಡದಲ್ಲೇ ಇದ್ರು, ಹತ್ತು ವರ್ಷ ಆದ್ಮೇಲೆ ಅದಕ್ಕೇ ಸಂಪಾದಕರಾದ್ರು. 2000ದಲ್ಲಿ ಬಿಬಿಸಿಗೆ ಪೊಲಿಟಿಕಲ್ ಎಡಿಟರ್ ಆಗಿ ಹೋದ್ರು, 2005ರಿಂದ ಭಾನುವಾರ ಬೆಳಿಗ್ಗೆ ಅವರದೇ ಟಿವಿ ಶೋ, ಪ್ರಧಾನಿಗಳೇ ಬಂದು ಎದುರಿಗೆ ಕೂತು ಉತ್ತರ ಕೊಡೋರು. 2013ರ ಜನವರೀಲಿ ಸ್ಟ್ರೋಕ್ ಆಗಿ ಎಡಗಡೆ ಸ್ವಾಧೀನ ತಪ್ಪಿ ಹೋಯ್ತು, ಆದ್ರೂ ಅದೇ ವರ್ಷ ವಾಪಸ್ ಬಂದು ಅದೇ ಕುರ್ಚೀಲಿ ಕೂತ್ರು. ಇಂಥ ಮನುಷ್ಯ 21 ವರ್ಷ ಆದ್ಮೇಲೆ, 2021ರ ನವೆಂಬರ್‌ನಲ್ಲಿ, ಬಿಬಿಸಿ ಬಿಡ್ತೀನಿ ಅಂದ್ರು. ಕಾರಣ ಅವರೇ ಹೇಳ್ಕೊಂಡಿದ್ದು, ನನ್ನ ದನಿ ನಂಗೆ ವಾಪಸ್ ಬೇಕು ಅಂತ. ಬಿಬಿಸೀಲಿ ಇರೋವಷ್ಟು ದಿನ ಸ್ವಂತ ಅಭಿಪ್ರಾಯ ಬಾಯಿ ಬಿಡಂಗಿಲ್ಲ, ಅದು ಅಲ್ಲಿನ ಕಟ್ಟುನಿಟ್ಟು. ಬಿಟ್ಟೋರು ಸೀದಾ ಹೋಗಿದ್ದು ರೇಡಿಯೋಗೆ, ಎಲ್‌ಬಿಸಿ ಅನ್ನೋ ಖಾಸಗಿ ಸ್ಟೇಷನ್‌ಗೆ. 2022ರ ಮಾರ್ಚ್‌ನಿಂದ ಅಲ್ಲಿ ಸಂಜೆ ಆರಕ್ಕೆ ಒಂದು ಗಂಟೆ ರಾಜಕೀಯ ಮಾತಾಡೋಕೆ ಶುರು ಮಾಡಿದ್ರು. ನಮಗೆ ಆಗ ರಾತ್ರಿ ಹತ್ತೂವರೆ, ಅವರ ಚಳಿಗಾಲದಲ್ಲಾದ್ರೆ ಹನ್ನೊಂದೂವರೆ. ಊಟ ಆಗಿ ಊರೆಲ್ಲಾ ಮಲಗಿರುತ್ತೆ, ನಾನು ಇಯರ್‌ಫೋನ್ ಹಾಕ್ಕೊಂಡು ಯಾವುದೋ ದೇಶದ ಬಜೆಟ್ ಬಗ್ಗೆ ಕೇಳ್ತಿರ್ತೀನಿ.

ಅವರೇನೋ ದೇವ್ರು ಅಂತ ನಾನು ಹೇಳ್ತಿಲ್ಲ. 2003ರಲ್ಲಿ ಇರಾಕ್ ಯುದ್ಧದಲ್ಲಿ ಬಾಗ್ದಾದ್ ಬಿದ್ದ ದಿನ ಡೌನಿಂಗ್ ಸ್ಟ್ರೀಟ್ ಮುಂದೆ ನಿಂತು ಆಗಿನ ಪ್ರಧಾನಿ ಟೋನಿ ಬ್ಲೇರ್ ಇವತ್ತು ಇನ್ನೂ ದೊಡ್ಡ ಮನುಷ್ಯ ಆದ್ರು ಅನ್ನೋ ಅರ್ಥದಲ್ಲಿ ಹೊಗಳಿದ್ರು, ಆ ಯುದ್ಧ ಎಲ್ಲಿಗೆ ಹೋಯ್ತು ಅಂತ ಆಮೇಲೆ ಜಗತ್ತೇ ನೋಡ್ತು. ಅದಕ್ಕಿಂತ ನಂಗೆ ನುಂಗೋಕೆ ಆಗದೇ ಇರೋದು ಇನ್ನೊಂದು. 2008ರಲ್ಲಿ ತಮ್ಮ ಖಾಸಗಿ ಬದುಕಿನ ವಿಷ್ಯ ಯಾವ ಪತ್ರಿಕೇನೂ ಬರೀಬಾರದು ಅಂತ ಕೋರ್ಟಿಂದ ತಡೆಯಾಜ್ಞೆ ತಂದಿದ್ರು, ಪತ್ರಕರ್ತ ಆಗಿದ್ದು ಪತ್ರಿಕೆಗಳ ಬಾಯಿ ಮುಚ್ಚಿಸಿದ್ರು. 2011ರಲ್ಲಿ ತಾವೇ ಹೊರಗೆ ಬಂದು, ಇದು ನಂಗೆ ಮುಜುಗರ ಅಂತ ಒಪ್ಕೊಂಡ್ರು. ನೇರ ಮಾತಿನ ಪತ್ರಕರ್ತರಿಗೂ ತಮ್ಮ ಮನೆ ಬಾಗಿಲ ಹತ್ರ ಬಂದಾಗ ನೇರ ಇರೋದು ಎಷ್ಟು ಕಷ್ಟ ನೋಡಿ. ಆದ್ರೂ ಅವರನ್ನ ಕೇಳ್ತೀನಿ, ಯಾಕಂದ್ರೆ ನಾಲ್ಕು ದಶಕ ಪಾರ್ಲಿಮೆಂಟ್ ನೋಡಿದ ಮನುಷ್ಯ ಮೈಕ್ ಮುಂದೆ ಕೂತು ಈ ಮಂತ್ರಿ ಹೋದ ಸಲ ಹೀಗಂದಿದ್ರು ಈಗ ಹೀಗಂತಿದಾರೆ ಅಂತ ಕಿರುಚದೆ, ಗ್ರಾಫಿಕ್ಸ್ ಇಲ್ಲದೆ, ಹಿನ್ನೆಲೇಲಿ ಡಮಾರ್ ಡಮಾರ್ ಸದ್ದಿಲ್ಲದೆ ಹೇಳೋದನ್ನ ಕೇಳೋದೇ ಒಂದು ಸುಖ.

ಎಲ್‌ಬಿಸಿ ಬಗ್ಗೆ ಒಂದೆರಡು ಮಾತು. ಅದು 1973ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಬ್ರಿಟನ್ನಿನಲ್ಲಿ ಲೈಸೆನ್ಸ್ ತಗೊಂಡು ನಡೆದ ಮೊದಲ ಖಾಸಗಿ ರೇಡಿಯೋ, ಅದೂ ಸುದ್ದಿ ಮತ್ತು ಮಾತಿಗಂತಲೇ. 2013ರಿಂದ 2015ರ ತನಕ ಅಲ್ಲಿನ ಉಪಪ್ರಧಾನಿ ನಿಕ್ ಕ್ಲೆಗ್ ವಾರವಾರ ಬಂದು ಕೂತು, ಜನ ಫೋನ್ ಮಾಡಿ ಕೇಳಿದ್ದಕ್ಕೆಲ್ಲಾ ಲೈವ್ ಆಗಿ ಉತ್ತರ ಕೊಡ್ತಿದ್ರು. ಉಪಪ್ರಧಾನಿ ರೀ! ನಮ್ಮ ಕಡೆ ತಾಲೂಕು ಆಫೀಸಲ್ಲಿ ಕೇಸ್ ವರ್ಕರ್ ಫೋನ್ ಎತ್ತಲ್ಲ.

ಈಗ ನಮ್ಮ ಕಥೆಗೆ ಬರ್ತೀನಿ. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂ 2001ರಲ್ಲಿ ಬೆಂಗಳೂರಿಂದಲೇ ಶುರುವಾಯ್ತು, ಆದ್ರೆ ಇವತ್ತಿಗೂ ಒಂದೇ ಒಂದು ಖಾಸಗಿ ಸ್ಟೇಷನ್ನೂ ಸ್ವಂತ ಸುದ್ದಿ ಹೇಳಂಗಿಲ್ಲ. ಟಿವಿ ಹೇಳಬಹುದು, ಪೇಪರ್ ಬರೀಬಹುದು, ಯೂಟ್ಯೂಬಲ್ಲಿ ಯಾರು ಏನ್ ಬೇಕಾದ್ರೂ ಒದರಬಹುದು, ರೇಡಿಯೋ ಮಾತ್ರ ಬಾಯಿ ಮುಚ್ಕೊಂಡು ಹಾಡು ಹಾಕ್ಬೇಕು. 2011ರ ನೀತೀಲಿ ಸ್ವಲ್ಪ ಸಡಿಲ ಮಾಡಿ ಆಕಾಶವಾಣಿ ವಾರ್ತೆ ಒಂದಕ್ಷರ ತಿದ್ದದೆ ಹಾಗ್ಹಾಗೇ ಹಾಕ್ಬಹುದು ಅಂದ್ರು, ಟ್ರಾಫಿಕ್ಕು, ಹವಾಮಾನ, ಪರೀಕ್ಷೆ ರಿಸಲ್ಟು, ಪ್ರಕೃತಿ ವಿಕೋಪ ಇವೆಲ್ಲಾ ಸುದ್ದಿ ಅಂತ ಲೆಕ್ಕಕ್ಕೆ ಬರಲ್ಲ, ಹೇಳಿ ಅಂದ್ರು. ಇದರ ಅರ್ಥ ಏನು ಅಂತ ಹಾಸನದೋರಿಗೆ ಬಿಡಿಸಿ ಹೇಳ್ತೀನಿ. ಮಳೆಗಾಲದಲ್ಲಿ ಶಿರಾಡಿ ಘಾಟ್ ಬಂದ್ ಆಯ್ತು ಅಂತ ಎಫ್‌ಎಂನೋರು ಹೇಳಬಹುದು. ಬದಲಿ ದಾರಿ ಚಾರ್ಮಾಡಿ ಅಂತಾನೂ ಹೇಳಬಹುದು. ದೋಣಿಗಲ್ ಹತ್ರ ಕೋಟಿಗಟ್ಲೆ ಸುರಿದು ಅಗಲ ಮಾಡ್ತಿರೋ ರಸ್ತೆ ಯಾಕೆ ಕುಸೀತು, ಗುಡ್ಡನ ಆ ಥರ ನೆಟ್ಟಗೆ ಕಡೀರಿ ಅಂದೋರು ಯಾರು, ಕಾಂಟ್ರಾಕ್ಟರ್‌ಗೆ ದಂಡ ಹಾಕಿದ್ರಾ ಅಂತ ಕೇಳಂಗಿಲ್ಲ. ಅದು ಸುದ್ದಿ ಆಗೋಗುತ್ತೆ. ಆಲೂರು ಸಕಲೇಶಪುರ ಕಡೆ ಆನೆ ಯಾವ ತೋಟದಲ್ಲಿದೆ ಹುಷಾರು ಅಂತ ಎಚ್ಚರಿಕೆ ಕೊಡಬಹುದು, ರೈಲ್ವೆ ಕಂಬಿ ಬ್ಯಾರಿಕೇಡ್ ಯಾಕೆ ಅರ್ಧಕ್ಕೆ ನಿಂತಿದೆ ಅಂತ ಅರಣ್ಯ ಮಂತ್ರೀನ ಹಿಡಿದು ಕೇಳೋ ಹಾಗಿಲ್ಲ.

ನಮ್ಮ ಆಕಾಶವಾಣಿ ಹಾಸನನ ನಾನು ಬಯ್ಯಲ್ಲ, ಬಯ್ದೋರ ಜೊತೆ ಜಗಳಕ್ಕೇ ನಿಲ್ತೀನಿ. ಮೆಣಸಿಗೆ ಬರೋ ರೋಗದಿಂದ ಹಿಡಿದು ಶುಗರ್ ಬಿಪಿ ತನಕ ತಿಳಿದೋರನ್ನ ಕರ್ಸಿ ನೆಮ್ಮದಿಯಾಗಿ ಮಾತಾಡಿಸ್ತಾರೆ, ಅದನ್ನ ಬೇರೆ ಯಾರೂ ಮಾಡಲ್ಲ. ಆದ್ರೆ ಸರ್ಕಾರದ ರೇಡಿಯೋ ಸರ್ಕಾರನ ತಡವಿ ಕೇಳುತ್ತೆ ಅಂತ ನಿರೀಕ್ಷೆ ಮಾಡೋದು ಅಲ್ಲಿ ಕೆಲಸ ಮಾಡೋರಿಗೂ ಕಷ್ಟ. 1975ರ ಜೂನ್ 26ರ ಬೆಳಿಗ್ಗೆ ತುರ್ತುಪರಿಸ್ಥಿತಿ ಸುದ್ದಿ ಇಂದಿರಾ ಗಾಂಧಿಯವರ ದನೀಲೇ ಬಂದಿದ್ದು ಇದೇ ರೇಡಿಯೋದಲ್ಲಿ, ಆಮೇಲೆ ಅದು ಯಾರ ಮಾತು ಆಡ್ತಿತ್ತು ಅಂತ ಹಿರಿಯರನ್ನ ಕೇಳಿ. ಮೂರು ವರ್ಷ ಬಿಟ್ಟು ಅವರೇ ನಮ್ಮ ಪಕ್ಕದ ಚಿಕ್ಕಮಗಳೂರಿಗೆ ಬಂದು ಉಪಚುನಾವಣೆ ಗೆದ್ರು. ದೇಶದ ರಾಜಕೀಯಕ್ಕೇ ತಿರುವು ಕೊಟ್ಟ ಜಿಲ್ಲೆಗಳು ನಮ್ಮವು, ಹಾಸನ ಅಂತೂ ಒಬ್ಬ ಪ್ರಧಾನೀನೇ ಕೊಟ್ಟಿದೆ, ಬಸ್ ಸ್ಟ್ಯಾಂಡಲ್ಲಿ ಟೀ ಕುಡಿಯೋ ಹುಡುಗನೂ ಜಾತಿ ಲೆಕ್ಕ ಹಾಕಿ ಬೂತ್‌ವಾರು ಲೀಡ್ ಹೇಳ್ತಾನೆ. ಇಂಥ ಕಡೆ ರಾಜಕೀಯ ಮಾತಾಡೋ ಒಂದು ರೇಡಿಯೋ ಇಲ್ಲ.

ನಮ್ಮ ಕಡೆ ಒಬ್ಬ ಹಿರಿಯ ವರದಿಗಾರರಿದಾರೆ, ಹೆಸರು ಹಾಕಲ್ಲ. ತಾಲೂಕು ಮಟ್ಟದಲ್ಲಿ ಜೀವಮಾನ ಸವೆಸಿದೋರು, ಮನೇಲಿ ಒಂದು ಟ್ರಂಕ್ ತುಂಬಾ ಆರ್‌ಟಿಐ ಉತ್ತರಗಳು, ಆನೆ ತುಳಿದ ಕಾಫಿ ಗಿಡದ ಪರಿಹಾರದ ಅರ್ಜಿ ಯಾವ ಆಫೀಸಿನ ಯಾವ ಟೇಬಲ್ಲಲ್ಲಿ ಎಷ್ಟು ದಿನ ಕೂತಿತ್ತು ಅಂತ ಬಾಯಲ್ಲೇ ಹೇಳ್ತಾರೆ. ಪೇಪರ್‌ನೋರು ಸುದ್ದಿ ಜೊತೆ ಜಾಹೀರಾತೂ ತನ್ನಿ ಅಂದ್ರು, ಯಾರ ವಿರುದ್ಧ ಬರೀತಾರೋ ಅವರ ಹತ್ರಾನೇ ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ಕೇಳೋಕೆ ಹೋಗ್ಬೇಕು, ಆಗ್ಲಿಲ್ಲ ಬಿಟ್ರು. ಅವರ ದನಿ ಕೇಳ್ಬೇಕು ನೀವು, ಮೈಕ್ ಇಲ್ಲದೆ ಇಡೀ ಸಂತೆಗೆ ಕೇಳ್ಸುತ್ತೆ, ಒಂದು ವಾಕ್ಯ ಕೂಡ ತಡವರಿಸಲ್ಲ. ದೊಡ್ಡ ಊರಿನ ಒಂದು ಎಫ್‌ಎಂನಲ್ಲಿ ಗುರುತಿನೋರ ಮೂಲಕ ಹೋಗಿ ಕೇಳಿದ್ರಂತೆ. ವಾಯ್ಸ್ ಸೂಪರ್ ಸರ್, ಆದ್ರೆ ರಾಜಕೀಯ ಮಾತಾಡಂಗಿಲ್ಲ, ಹಳೇ ಹಾಡು ಹಾಕ್ಕೊಂಡು ನೆನಪುಗಳ ಥರ ಏನಾದ್ರೂ ಮಾಡ್ತೀರಾ ಅಂದ್ರಂತೆ.

"ಏನ್ ಮಾಡ್ತೀರಣ್ಣ ಈಗ" ಅಂದೆ.

"ಯೂಟ್ಯೂಬ್ ಮಾಡು ಅಂತಾನೆ ಮಗ. ನಮ್ ಜನ ಯೂಟ್ಯೂಬ್ ಎಲ್ಲಿ ನೋಡ್ತಾರಪ್ಪ, ಹಣ್ಣು ಕುಯ್ಯೋವಾಗ ಎರಡು ಕೈಯೂ ಗಿಡದಲ್ಲೇ ಇರ್ತದೆ" ಅಂದ್ರು.

ಈ ಮಾತು ನಿಜ. ಡಿಸೆಂಬರ್ ಜನವರೀಲಿ ಕಾಫಿ ತೋಟಕ್ಕೆ ಹೋಗಿ ನೋಡಿ, ಸೊಂಟಕ್ಕೆ ಚೀಲ ಕಟ್ಕೊಂಡು ಹಣ್ಣು ಕುಯ್ಯೋ ಹೆಣ್ಣುಮಕ್ಕಳ ಹತ್ರ ಕೀಪ್ಯಾಡ್ ಫೋನ್ ಇರುತ್ತೆ, ಕಣ್ಣು ಕೈ ಎರಡೂ ಕೆಲಸದಲ್ಲಿರುತ್ತೆ, ಪುರುಸೊತ್ತಾಗಿರೋದು ಕಿವಿ ಒಂದೇ. ಲಾರಿ ಡ್ರೈವರ್, ಅಡುಗೆಮನೇಲಿರೋರು, ಟೈಲರ್ ಅಂಗಡಿ, ಹಾಲಿನ ಡೈರಿ ಮುಂದೆ ಕ್ಯೂ ನಿಂತೋರು ಎಲ್ಲರದೂ ಅದೇ. ಸರ್ಕಾರ ಯಾವ ಒಂದು ಮಾಧ್ಯಮಕ್ಕೆ ಬೀಗ ಹಾಕಿದೆಯೋ ಅದೇ ಇವರ ಮಾಧ್ಯಮ.

ಇನ್ನೊಂದು ಹೇಳ್ಬೇಕು, ಹೇಳೋಕೆ ಹಿಂಸೆ ಆಗುತ್ತೆ. 2024ರ ಏಪ್ರಿಲ್‌ನಲ್ಲಿ ಚುನಾವಣೆ ಹೊತ್ತಲ್ಲಿ ಹಾಸನದಲ್ಲಿ ಪೆನ್‌ಡ್ರೈವ್ ಹಂಚಿದ್ರಲ್ಲ, ಆಗ ನಮ್ಮೂರ ಹೆಣ್ಣುಮಕ್ಕಳ ಮುಖ ಮುಚ್ಚದೇ ಇರೋ ವಿಡಿಯೋಗಳು ಮೊಬೈಲಿಂದ ಮೊಬೈಲಿಗೆ ಹೋದವು, ಇಟ್ಕೊಂಡ್ರೂ ಹಂಚಿದ್ರೂ ಕೇಸ್ ಅಂತ ಎಸ್‌ಐಟಿ ಎಚ್ಚರಿಸೋ ಹೊತ್ತಿಗೆ ಆಗಬಾರದ್ದು ಆಗೋಗಿತ್ತು. ಕ್ಯಾಮೆರಾ ಹಿಡ್ಕೊಂಡು ಬೆಂಗಳೂರಿಂದ ಬಂದೋರು ಕಂಡಕಂಡ ಹೆಂಗಸರ ಬಾಯಿಗೆ ಮೈಕ್ ಹಿಡಿದ್ರು. ಎಷ್ಟೋ ಮನೆಗಳು ಬಾಗಿಲು ಹಾಕ್ಕೊಂಡು ಕೂತ್ವು. ಆ ದಿನಗಳಲ್ಲಿ ಈ ಊರನ್ನ ಬಲ್ಲ, ಅಧಿಕಾರಕ್ಕೆ ಹೆದರದ ಒಬ್ಬ ಪತ್ರಕರ್ತ ಅಥವಾ ಪತ್ರಕರ್ತೆ ಸಂಜೆ ಒಂದು ಗಂಟೆ ರೇಡಿಯೋದಲ್ಲಿ ಕೂತು, ದೂರು ಎಲ್ಲಿ ಕೊಡಬೇಕು, ಹೆಸರು ಹೇಗೆ ಗುಟ್ಟಾಗಿ ಇರುತ್ತೆ, ಕಾನೂನು ಏನು ಹೇಳುತ್ತೆ ಅಂತ ಹೇಳಿ, ಯಾರಾದ್ರೂ ಹೆಣ್ಣುಮಗಳು ಫೋನ್ ಮಾಡಿದ್ರೆ ಸುಮ್ನೆ ಕೇಳಿಸ್ಕೊಂಡಿದ್ರೆ? ರೇಡಿಯೋದಲ್ಲಿ ಮುಖ ಇಲ್ಲ. ಅವತ್ತು ನಮಗೆ ಬೇಕಾಗಿದ್ದು ಅದೇ ಆಗಿತ್ತು.

ಅಪಾಯ ಇಲ್ವಾ ಅಂತ ಕೇಳ್ತೀರಿ, ಇದೆ. 1994ರಲ್ಲಿ ರುವಾಂಡಾದಲ್ಲಿ ಆರ್‌ಟಿಎಲ್‌ಎಂ ಅನ್ನೋ ಖಾಸಗಿ ರೇಡಿಯೋ ಜನರನ್ನ ಕೊಲ್ಲೋಕೆ ಎತ್ತಿಕಟ್ತು, ಯಾರು ಎಲ್ಲಿ ಅಡಗಿದಾರೆ ಅಂತ ಕೂಡ ಹೇಳ್ತು. ನಮ್ಮ ಕರಾವಳಿ ಮಲೆನಾಡಿನ ಪರಿಸ್ಥಿತಿ ಗೊತ್ತಿರೋರು ಯಾರೂ ಇದನ್ನ ಹಗುರಾಗಿ ತಗೊಳ್ಳಬಾರದು. ಅದಕ್ಕೇ ನಿಯಮ ಬೇಕು. ಬ್ರಿಟನ್ನಿನಲ್ಲಿ ರೇಡಿಯೋ ಟಿವಿ ಮೇಲೆ ಕಣ್ಣಿಡೋ ಆಫ್‌ಕಾಮ್ ಅಂತ ಒಂದು ಸಂಸ್ಥೆ ಇದೆ, ನಿರೂಪಕ ತನ್ನ ಅಭಿಪ್ರಾಯ ಹೇಳಬಹುದು ಆದ್ರೆ ಎದುರು ವಾದಕ್ಕೂ ಜಾಗ ಕೊಡ್ಲೇಬೇಕು, ತಪ್ಪಿದ್ರೆ ದಂಡ, ಲೈಸೆನ್ಸಿಗೂ ಕುತ್ತು. ಹಂಗೆ ಮಾಡಿ. ರೇಡಿಯೋ ತರಂಗ ಸಾರ್ವಜನಿಕರ ಆಸ್ತಿ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸುದ್ದಿ ನಿಷೇಧನ ಪ್ರಶ್ನೆ ಮಾಡಿ 2013ರಲ್ಲಿ ಕಾಮನ್ ಕಾಸ್ ಅನ್ನೋ ಸ್ವಯಂಸೇವಾ ಸಂಸ್ಥೆ ಅದೇ ಕೋರ್ಟಿಗೆ ಹೋಯ್ತು. 2023ರ ಸೆಪ್ಟೆಂಬರ್‌ನಲ್ಲಿ ಟ್ರಾಯ್, ಅಂದ್ರೆ ಕೇಂದ್ರದ ದೂರಸಂಪರ್ಕ ನಿಯಂತ್ರಣ ಸಂಸ್ಥೇನೇ, ಗಂಟೆಗೆ ಹತ್ತು ನಿಮಿಷದ ತನಕ ಸುದ್ದಿಗೆ ಬಿಡಿ ಅಂತ ಶಿಫಾರಸು ಮಾಡ್ತು. ಹತ್ತು ನಿಮಿಷ ಕಮ್ಮಿ, ಆದ್ರೂ ಏನೂ ಇಲ್ಲದೇ ಇರೋದಕ್ಕಿಂತ ವಾಸಿ.

ನಮ್ಮ ಮೈಸೂರು ಸೀಮೇಲಿ ರೇಡಿಯೋ ಶುರು ಮಾಡಿದ್ದು ಸರ್ಕಾರ ಅಲ್ಲ ಅನ್ನೋದು ನೆನಪಿರಲಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನೋ ಮನಶ್ಶಾಸ್ತ್ರದ ಪ್ರೊಫೆಸರ್ ಮೈಸೂರಲ್ಲಿ ತಮ್ಮ ಮನೇಲೇ ಸ್ಟೇಷನ್ ಇಟ್ಟು ಆಕಾಶವಾಣಿ ಅಂತ ಕರೆದ್ರು. ಅವತ್ತು ಒಬ್ಬ ಮೇಷ್ಟ್ರಿಗೆ ಸಾಧ್ಯ ಆಗಿದ್ದು ಇವತ್ತು ಲೈಸೆನ್ಸ್ ಇರೋ ಕಂಪನಿಗೂ ಆಗಲ್ಲ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಎಫ್‌ಎಂ ಚಾನೆಲ್ ಹರಾಜಿಗೆ ಒಪ್ಪಿಗೆ ಕೊಡ್ತು, ಆ ಪಟ್ಟೀಲಿ ಹಾಸನಾನೂ ಇದೆ ಚಿಕ್ಕಮಗಳೂರೂ ಇದೆ. ಚಾನೆಲ್ ಬರುತ್ತೆ, ಸುದ್ದಿ ನಿಯಮ ಅದೇ ಇದ್ರೆ ಬೆಂಗಳೂರಿನ ಹಾಡೇ ಇಲ್ಲೂ ಬರುತ್ತೆ. ನಮ್ಮ ಎರಡೂ ಜಿಲ್ಲೆಯ ಎಂಪಿಗಳಿಗೆ ಕೇಳೋದಿಷ್ಟೆ, ಪಾರ್ಲಿಮೆಂಟಲ್ಲಿ ಒಂದು ಪ್ರಶ್ನೆ ಹಾಕಿ, ಟ್ರಾಯ್ ಶಿಫಾರಸು ಏನಾಯ್ತು ಅಂತ. ಪತ್ರಕರ್ತರ ಸಂಘದೋರು ಜಿಲ್ಲಾ ಸಮ್ಮೇಳನದಲ್ಲಿ ಸೈಟು, ಬಸ್ ಪಾಸ್ ಜೊತೆ ಇದಕ್ಕೂ ಒಂದು ನಿರ್ಣಯ ಮಾಡಿ.

ಅದೇನಾದ್ರೂ ಆಗಿ ಆ ಟ್ರಂಕಿನ ಅಣ್ಣ ಮೈಕ್ ಮುಂದೆ ಕೂತ್ರೆ ಮೊದಲ ಫೋನ್ ನಂದೇ. ಎತ್ತಿನಹೊಳೆ ಯೋಜನೆ 8,323 ಕೋಟಿ ಅಂತ ಶುರುವಾಗಿ 23,251 ಕೋಟಿಗೆ ಹೋಗಿದ್ದು ಹೇಗೆ, ಸಕಲೇಶಪುರದ ಹಳ್ಳ ಕಡಿದು ತಗೊಂಡು ಹೋಗೋ ನೀರು ಕೋಲಾರಕ್ಕೆ ಮುಟ್ಟೋದು ಯಾವ ವರ್ಷ ಅಂತ ನೀರಾವರಿ ಮಂತ್ರಿಗಳನ್ನ ಲೈನಿಗೆ ತಗೊಂಡು ಕೇಳಿ ಅಂತೀನಿ.