ದಾರಿಹೋಕರಿಗೆ ಮಾಡಿದ ಉಪಕಾರ ತಿರುಗಿ ಬರುತ್ತಾ?

ಪರ: ಬರುತ್ತೆ, ಆದರೆ ತಗೊಂಡವರ ಕೈಯಿಂದಲ್ಲ

ಯಾವುದಾದರೂ ದೊಡ್ಡ ಆಸ್ಪತ್ರೆಯ ಬ್ಲಡ್ ಬ್ಯಾಂಕಿನ ಕಿಟಕಿ ಹತ್ತಿರ ಅರ್ಧ ಗಂಟೆ ನಿಂತು ನೋಡಿ. ಕೈಯಲ್ಲಿ ರಿಕ್ವೆಸ್ಟ್ ಫಾರಂ, ಸ್ಯಾಂಪಲ್ ಟ್ಯೂಬು ಹಿಡಿದು ಒಬ್ಬ ಹುಡುಗ ಓಡಿ ಬರುತ್ತಾನೆ. ಅಕ್ಕನಿಗೆ ಹೆರಿಗೆಯಾಗಿದೆ, ರಕ್ತ ನಿಲ್ಲುತ್ತಿಲ್ಲ. ಒಳಗಿನಿಂದ ಪ್ರಶ್ನೆ: "ಯಾವ ಗ್ರೂಪು? ಎಷ್ಟು ಯೂನಿಟ್? ಡೋನರ್ ಯಾರಾದ್ರೂ ಬಂದಿದ್ದಾರಾ?" ಊರಿಂದ ಜನ ಬರಬೇಕಾದರೆ ಇನ್ನೂ ಮೂರು ಗಂಟೆ ಬೇಕು ಸಾರ್ ಅನ್ನುತ್ತಾನೆ. "ಆಯ್ತು, ಅವರು ಬಂದ್ಮೇಲೆ ಕೊಡಲಿ. ನೀನು ಮೊದ್ಲು ಇದನ್ನ ತಗೊಂಡು ಹೋಗು." ಆ ರಕ್ತ ಅಕ್ಕನ ರಕ್ತಕ್ಕೆ ಹೊಂದುತ್ತದಾ ಅಂತ ನೋಡುವ ಕ್ರಾಸ್‌ಮ್ಯಾಚ್ ಮುಗಿದ ಮೇಲೆ ಎರಡು ತಣ್ಣನೆಯ ಚೀಲ ಹೊರಗೆ ಬರುತ್ತವೆ. ಮೇಲೆ ಗ್ರೂಪ್ ಇದೆ, ನಂಬರ್ ಇದೆ, ರಕ್ತ ತೆಗೆದ ತಾರೀಕು, ಅವಧಿ ಮುಗಿಯುವ ತಾರೀಕು ಇದೆ. ಕೊಟ್ಟವರ ಹೆಸರಿಲ್ಲ.

ಉಪಕಾರ ತಿರುಗಿ ಬರುತ್ತಾ ಅಂತ ಕೇಳುವವರು ಅದನ್ನು ಹುಡುಕುವ ಜಾಗವೇ ಸರಿಯಿಲ್ಲ. ನಾನು ಅವನಿಗೆ ಇಷ್ಟು ಮಾಡಿದೆ, ಅವನು ನನಗೇನು ಮಾಡಿದ? ಹೀಗೆ ಕೇಳಿದರೆ ಬಹಳ ಸಲ ಸಿಗುವ ಉತ್ತರ ದೊಡ್ಡ ಸೊನ್ನೆ. ಬಸ್‌ಸ್ಟ್ಯಾಂಡಿನಲ್ಲಿ ಚಿಲ್ಲರೆ ಇಲ್ಲದೆ ಪರದಾಡುತ್ತಿದ್ದವನಿಗೆ ಟಿಕೆಟ್ ದುಡ್ಡು ಕೊಟ್ಟಿರಿ, ಅವನ ಮುಖವೂ ಈಗ ನೆನಪಿಲ್ಲ. ಅವನು ನಿಮ್ಮನ್ನು ಹುಡುಕಿಕೊಂಡು ಬರುವುದೂ ಇಲ್ಲ. ಬರುವವರು ಬೇರೆ ಯಾರೋ. ಅವರಿಗೂ ನೀವು ಯಾರೋ.

ನನಗೆ ಇದು ಓಣಿಯ ಚೀಟಿ ನೆನಪಿಸುತ್ತದೆ. ಎಲ್ಲರೂ ತಿಂಗಳು ತಿಂಗಳು ಹಾಕುತ್ತಾರೆ, ಅಗತ್ಯ ಬಿದ್ದವರು ಎತ್ತುತ್ತಾರೆ. ಎತ್ತಿದ ದುಡ್ಡಿನಲ್ಲಿ ಯಾವ ನೋಟು ಯಾರದ್ದು ಅಂತ ಯಾರಾದರೂ ನೋಡುತ್ತಾರಾ?

ರಕ್ತದ ವಿಷಯವನ್ನೇ ಇನ್ನೂ ಸ್ವಲ್ಪ ಮುಂದುವರಿಸುತ್ತೇನೆ, ಯಾಕೆಂದರೆ ಇಲ್ಲಿ ಸುಳ್ಳು ಹೇಳುವುದು ಕಷ್ಟ. ರಕ್ತವನ್ನು ಯಾವ ಫ್ಯಾಕ್ಟರಿಯಲ್ಲೂ ಮಾಡಲಾಗುವುದಿಲ್ಲ. ಜಾಸ್ತಿ ದಿನ ಕೂಡಿಡಲೂ ಆಗುವುದಿಲ್ಲ. ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿಯಲ್ಲಿ ಇಟ್ಟರೂ ಚೀಲದಲ್ಲಿರುವ ದ್ರಾವಣಕ್ಕೆ ತಕ್ಕಂತೆ 35ರಿಂದ 42 ದಿನ ಅಷ್ಟೇ. ಡೆಂಗೆ ಬಂದಾಗ ಎಲ್ಲರೂ ಓಡಾಡುವ ಪ್ಲೇಟ್‌ಲೆಟ್ ಅಂತೂ ಐದೇ ದಿನ. ಅಂದರೆ ಇವತ್ತು ನಿಮ್ಮ ಅಕ್ಕನಿಗೆ ಸಿಕ್ಕಿದ್ದು ತೀರಾ ಈಚೆಗೆ ಯಾರೋ ಬಂದು, ಮಲಗಿ, ಕೈ ಚಾಚಿ ಕೊಟ್ಟದ್ದು. ಯಾವುದೋ ಕಾಲೇಜಿನ ಕ್ಯಾಂಪಿನಲ್ಲಿ ಬಿಸ್ಕತ್ತು, ಜ್ಯೂಸು ತಗೊಂಡು ಗೆಳೆಯರ ಜೊತೆ ಸೆಲ್ಫಿ ಹೊಡೆದುಕೊಂಡು ಹೋದ ಹುಡುಗನದ್ದೇ ಇರಬಹುದು. ಸೆಲ್ಫಿ ಹೊಡೆದುಕೊಳ್ಳಲಿ ಬಿಡಿ, ಅದರಿಂದ ರಕ್ತ ಕೆಡುವುದಿಲ್ಲ.

ಉಪಕಾರ ತಿರುಗಿ ಬರುತ್ತದೆ ಅನ್ನುವ ಮಾತಿಗೆ ನನಗೆ ಗೊತ್ತಿರುವ ಗಟ್ಟಿ ಸಾಕ್ಷಿ ಬಾಂಬೆ ಬ್ಲಡ್ ಗ್ರೂಪಿನವರು. 1952ರಲ್ಲಿ ಮುಂಬೈಯಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಅವರ ಜೊತೆಗಾರರು ಇದನ್ನು ಮೊದಲು ಗುರುತಿಸಿದರು. ಮಾಮೂಲಿ ಟೆಸ್ಟಿನಲ್ಲಿ ಇದು ಓ ಗ್ರೂಪಿನ ಹಾಗೇ ಕಾಣುತ್ತದೆ. ಆದರೆ ಓ ಗ್ರೂಪಿನವರ ರಕ್ತಕಣಗಳ ಮೇಲೆ ಇರುವ ಎಚ್ ಎಂಬ ಅಂಶವೂ ಇವರಲ್ಲಿ ಇರುವುದಿಲ್ಲ. ಹಾಗಾಗಿ ಯಾರಿಗೆ ಬೇಕಾದರೂ ಕೊಡಬಹುದು ಅನ್ನುವ ಓ ನೆಗೆಟಿವ್ ರಕ್ತ ಹಾಕಿದರೂ ಇವರ ಜೀವಕ್ಕೇ ಅಪಾಯ. ನಮ್ಮ ದೇಶದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರು ಹೀಗಿರುತ್ತಾರೆ. ಇವರಿಗೆ ರಕ್ತ ಬೇಕಾದರೆ ಇವರಂಥವರೇ ಕೊಡಬೇಕು. ಅಣ್ಣ ತಮ್ಮಂದಿರಲ್ಲಿ ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಯಾವುದೋ ಜಿಲ್ಲೆಯ ಗುರುತಿಲ್ಲದ ಒಬ್ಬರು. ಫೋನು ಬರುತ್ತದೆ, ಪೇಷೆಂಟ್ ಯಾರು ಅಂತ ಗೊತ್ತಿಲ್ಲ, ರಜೆ ಹಾಕಿ ರಾತ್ರಿ ಬಸ್ಸು ಹತ್ತುತ್ತಾರೆ. ಹೀಗೆ ಹೋಗುವವರಿಗೆ ಚೆನ್ನಾಗಿ ಗೊತ್ತು: ಈ ಬಳಗ ಉಳಿದರೆ ನಾಳೆ ತಾನೂ ಉಳಿಯುವುದು. ಇದನ್ನು ಕರ್ಮ ಅನ್ನಿ, ಲೆಕ್ಕಾಚಾರ ಅನ್ನಿ. ಮಾಡಿದ್ದು ತಿರುಗಿ ಬರುವುದು ಇಷ್ಟು ಕಣ್ಣಿಗೆ ಕಟ್ಟುವ ಹಾಗೆ ಬೇರೆ ಎಲ್ಲೂ ಕಾಣುವುದಿಲ್ಲ.

ನಮ್ಮ ಹಿರಿಯರಿಗೆ ಬ್ಲಡ್ ಗ್ರೂಪ್ ಗೊತ್ತಿರಲಿಲ್ಲ, ಆದರೆ ಈ ಸುತ್ತು ಗೊತ್ತಿತ್ತು. ಮಲೆನಾಡಿನ ಮನೆಗಳಲ್ಲಿ ಬಿಸಿಲಲ್ಲಿ ನಡೆದು ಬಂದವರ ಮುಂದೆ ಮೊದಲು ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಆಮೇಲೆ ಯಾರು, ಯಾವೂರು ಅನ್ನುವ ವಿಚಾರಣೆ. ಬಯಲುಸೀಮೆಯಲ್ಲಿ ಬೇಸಿಗೆ ಬಂದರೆ ದಾರಿ ಬದಿ ಅರವಟ್ಟಿಗೆ. ಚಪ್ಪರದ ಕೆಳಗೆ ಮಣ್ಣಿನ ಗುಡಾಣ, ಕೆಲವು ಕಡೆ ಉಪ್ಪು, ಇಂಗು, ಕರಿಬೇವು ಹಾಕಿದ ನೀರು ಮಜ್ಜಿಗೆ. ಅದನ್ನು ಇಟ್ಟವರೂ ಮುಂದಿನ ವಾರ ಇನ್ನೊಂದು ಊರಿನ ಸಂತೆಗೋ ಜಾತ್ರೆಗೋ ಬಿಸಿಲಲ್ಲಿ ಹೋಗಬೇಕಾದವರೇ. ಅಲ್ಲಿ ಇನ್ಯಾರೋ ಗುಡಾಣ ಇಟ್ಟಿರುತ್ತಿದ್ದರು.

ವಿಜ್ಞಾನಿಗಳೂ ಇದನ್ನು ಕೆದಕಿದ್ದಾರೆ. ಜೆರಾಲ್ಡ್ ವಿಲ್ಕಿನ್ಸನ್ 1984ರಲ್ಲಿ ಕೋಸ್ಟರಿಕಾದ ರಕ್ತ ಹೀರುವ ಬಾವಲಿಗಳ ಬಗ್ಗೆ ಬರೆದರು. ಇವು ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಸಾಯುತ್ತವೆ. ಹಸಿದು ಬಂದ ಬಾವಲಿಗೆ ಅದೇ ಗೂಡಿನ ಇನ್ನೊಂದು ತಾನು ಕುಡಿದ ರಕ್ತವನ್ನೇ ಕಕ್ಕಿ ಕೊಡುತ್ತದೆ. ಇಲ್ಲಿ ಪರಸ್ಪರ ಪರಿಚಯ ಇದೆ, ಸರಿ. ಆದರೆ 1998ರಲ್ಲಿ ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನೀವು ಒಬ್ಬರಿಗೆ ಸಹಾಯ ಮಾಡಿದ್ದನ್ನು ಮೂರನೆಯವರು ನೋಡಿರುತ್ತಾರೆ ಅಥವಾ ಕೇಳಿರುತ್ತಾರೆ, ನಿಮಗೆ ಬೇಕಾದಾಗ ಆ ಮೂರನೆಯವರು ಕೈ ಕೊಡುತ್ತಾರೆ. ಮತ್ತೆ ಯಾವತ್ತೂ ಭೇಟಿಯಾಗದ ಜನರ ನಡುವೆಯೂ ಉಪಕಾರ ಹೀಗೆ ಬಾಳಿಕೆ ಬರಬಲ್ಲದು ಅಂತ ಗಣಿತದಲ್ಲೇ ತೋರಿಸಿದರು. ಅವರ ಮನೆತನವೇ ಹಾಗೆ, ಯಾರಿಗೂ ಇಲ್ಲ ಅಂದವರಲ್ಲ ಅಂತ ಹಳ್ಳಿಕಟ್ಟೆಯಲ್ಲಿ ಮಾತಾಡುತ್ತಿದ್ದದ್ದು ಇದನ್ನೇ ಅಲ್ವಾ?

ಕೊಡದೇ ಎತ್ತುವವರು ಇಲ್ಲವೇ ಅಂದರೆ ಇದ್ದಾರೆ, ಧಾರಾಳವಾಗಿ ಇದ್ದಾರೆ. ಕೊಡುವವರು ಸಾಕಷ್ಟು ಇರುವ ತನಕ ನಡೆಯುತ್ತದೆ. ಅಂದ ಹಾಗೆ, ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ವಯಸ್ಸು 18 ತುಂಬಿರಬೇಕು, ತೂಕ 45 ಕೆಜಿಗೆ ಕಮ್ಮಿ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು. ಉಳಿದದ್ದನ್ನು ಅಲ್ಲಿನ ಡಾಕ್ಟರು ನೋಡಿಕೊಳ್ಳುತ್ತಾರೆ.

ವಿರೋಧ: ಬರುತ್ತೆ ಅಂತ ಹೇಳಿಕೊಡುವುದೇ ಸರಿಯಲ್ಲ

ಮೇಲಿನವರು ಚೀಟಿಯ ಮಾತು ತೆಗೆದರು. ಚೀಟಿಯಲ್ಲಿ ಒಂದು ಕಟ್ಟುನಿಟ್ಟು ಇರುತ್ತದೆ: ಕಟ್ಟದವರು ಎತ್ತುವ ಹಾಗಿಲ್ಲ. ಅದೇ ನಿಯಮವನ್ನು ಬ್ಲಡ್ ಬ್ಯಾಂಕಿಗೆ ತಂದರೆ ಮೊದಲು ಸಾಯುವುದು ಥಲಸ್ಸೀಮಿಯಾ, ಅಂದರೆ ಮೈಯಲ್ಲಿ ಸರಿಯಾಗಿ ರಕ್ತ ತಯಾರಾಗದ ವಂಶಪಾರಂಪರ್ಯ ಕಾಯಿಲೆ, ಇರುವ ಮಕ್ಕಳು. ಆ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಬೇಕು, ಜೀವನಪೂರ್ತಿ. ಅವರು ಒಂದು ದಿನವೂ ವಾಪಸ್ ಕೊಡಲಾರರು. ಅವರ ಲೆಕ್ಕ ಎಲ್ಲಿ ಬರೆಯುತ್ತೀರಿ? ಸಾಲದ ಪುಟದಲ್ಲಾ?

ವಾಪಸ್ ಬರುತ್ತೆ ಅನ್ನುವುದು ಮೊದಮೊದಲು ಸುಮ್ನೆ ಒಂದು ಪ್ರೋತ್ಸಾಹದ ಮಾತಿನ ಹಾಗೆ ಕೇಳಿಸುತ್ತದೆ. ಆದರೆ ಅದಕ್ಕೆ ಇನ್ನೊಂದು ಮಗ್ಗುಲಿದೆ. ಒಳ್ಳೇದು ಮಾಡಿದವರಿಗೆ ಒಳ್ಳೇದಾಗುತ್ತೆ ಅಂತ ನಂಬಿದವರು, ಕೆಟ್ಟದ್ದಾದವರನ್ನು ನೋಡಿದಾಗ ಏನು ಅಂದುಕೊಳ್ಳಬೇಕು? ಮಕ್ಕಳ ವಾರ್ಡಿಗೆ ಹೋದರೆ ಗೊತ್ತಾಗುತ್ತದೆ. ಎಳನೀರು, ಹಣ್ಣು ಹಿಡಿದು ನೋಡಲು ಬಂದ ದೊಡ್ಡಮ್ಮ ತಾಯಿಯ ಮುಂದೆಯೇ ನಿಟ್ಟುಸಿರು ಬಿಡುತ್ತಾರೆ: "ಯಾವ ಜನ್ಮದ ಕರ್ಮವೋ ಏನೋ ಕಣೇ, ಪಾಪ ಈ ಕೂಸು ಅನುಭವಿಸ್ತಾ ಇದೆ." ಬೈಯಬೇಕು ಅಂತ ಅಂದದ್ದಲ್ಲ, ಮರುಕದಿಂದಲೇ ಅಂದದ್ದು. ತಾಯಿ ತಲೆ ತಗ್ಗಿಸಿ ಹಣ್ಣಿನ ಚೀಲ ಒಳಗಿಡುತ್ತಾಳೆ. ನಿಜ ಏನೆಂದರೆ, ತಂದೆ ತಾಯಿ ಇಬ್ಬರಲ್ಲೂ ಥಲಸ್ಸೀಮಿಯಾದ ವಂಶವಾಹಿ ಇದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮದುವೆಗೆ ಮುಂಚೆಯೋ ಬಸುರಿನ ಶುರುವಿನಲ್ಲೋ ಒಂದು ರಕ್ತಪರೀಕ್ಷೆ ಮಾಡಿಸಿದರೆ ತಿಳಿದುಬಿಡುತ್ತದೆ. ಜಾತಕ ಕೂಡಿಸಲು ನಾಲ್ಕು ಊರು ತಿರುಗುವ ನಾವು ಆ ಟೆಸ್ಟ್ ಮಾತ್ರ ಮಾಡಿಸುವುದಿಲ್ಲ. ಎಲ್ಲಕ್ಕೂ ಕರ್ಮ ಅನ್ನುವ ಉತ್ತರ ಕೈಯಲ್ಲೇ ಇರುವಾಗ ಟೆಸ್ಟ್ ಯಾರಿಗೆ ಬೇಕು?

ಇದು ನಮ್ಮವರ ದೋಷ ಮಾತ್ರ ಅಂದುಕೊಳ್ಳಬೇಡಿ. 1966ರಲ್ಲಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರಾದ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಒಂದು ಪ್ರಯೋಗ ಮಾಡಿದರು. ಒಬ್ಬ ಹೆಂಗಸಿಗೆ ಕರೆಂಟ್ ಶಾಕ್ ಕೊಡುವುದನ್ನು ವಿದ್ಯಾರ್ಥಿನಿಯರಿಗೆ ತೋರಿಸಿದರು. ಶಾಕ್ ನಿಜವಲ್ಲ, ನಾಟಕ, ಆದರೆ ನೋಡುವವರಿಗೆ ಅದು ಗೊತ್ತಿರಲಿಲ್ಲ. ಅವಳನ್ನು ಪಾರು ಮಾಡುವ ಅವಕಾಶ ಸಿಕ್ಕವರು ಅವಳ ಬಗ್ಗೆ ಅಷ್ಟು ಹಗುರವಾಗಿ ಮಾತಾಡಲಿಲ್ಲ. ಅವಳ ಪಾಡು ಹೀಗೇ ಮುಂದುವರಿಯುತ್ತದೆ ಅಂತ ಗೊತ್ತಾದವರು ಮಾತ್ರ ಅವಳ ಗುಣವನ್ನೇ ಕೀಳಾಗಿ ಅಳೆದರು. ಲೋಕ ನ್ಯಾಯವಾಗಿದೆ ಅನ್ನುವ ನಂಬಿಕೆ ಉಳಿಸಿಕೊಳ್ಳಬೇಕಲ್ಲ, ಅದಕ್ಕೆ ಬಲಿಯಾದವಳೇ ತಪ್ಪಿತಸ್ಥೆ ಆಗಬೇಕು.

ಇನ್ನು ರಸ್ತೆಗೆ ಬನ್ನಿ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಹೆದ್ದಾರಿಯಲ್ಲಿ ಹರೀಶ್ ನಂಜಪ್ಪ ಎಂಬ ಯುವಕನ ಬೈಕಿಗೆ ಲಾರಿ ಡಿಕ್ಕಿ ಹೊಡೆಯಿತು. ದೇಹ ಎರಡು ತುಂಡಾಗಿತ್ತು. ಆ ಸ್ಥಿತಿಯಲ್ಲೂ ಅವರು ತಮ್ಮ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡರು. ಉಪಯೋಗಕ್ಕೆ ಬಂದದ್ದು ಕಣ್ಣುಗಳು. ಮುಖ ನೋಡದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾರು ಮಾಡಿದ್ದಾರೆ? ಅವರಿಗೆ ತಿರುಗಿ ಏನು ಬಂತು? ಏನೂ ಬರಲಿಲ್ಲ. ಮುಂದಿನ ತಿಂಗಳೇ ಸರ್ಕಾರ ಅವರ ಹೆಸರಿನಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಶುರು ಮಾಡಿತು. ಅಪಘಾತವಾದವರಿಗೆ ಮೊದಲ 48 ಗಂಟೆ 25,000 ರೂಪಾಯಿ ತನಕ ಉಚಿತ ಚಿಕಿತ್ಸೆ ಸಿಗುವ ಹಾಗಾಯಿತು. ಒಳ್ಳೆಯ ಕೆಲಸ. ಆದರೆ ಇದನ್ನೂ ಅವರ ಪುಣ್ಯದ ಫಲ ಅಂತ ಕರೆಯಬೇಡಿ. ಹುಡುಗ ಹೋದ. ಯೋಜನೆ ತಂದದ್ದು ಸರ್ಕಾರದ ಆದೇಶ ಮತ್ತು ಜನರ ತೆರಿಗೆ ದುಡ್ಡು.

ಗಾಯಾಳುವನ್ನು ಬಿಟ್ಟು ಮುಂದೆ ಹೋಗುವವರಿಗೆ ಕರ್ಮಸಿದ್ಧಾಂತ ಗೊತ್ತಿಲ್ಲ ಅಂತಲಾ? ಡ್ಯಾಶ್‌ಬೋರ್ಡಿನ ಮೇಲೆ ದೇವರ ಫೋಟೋ, ಹಿಂದಿನ ಗಾಜಿನ ಮೇಲೆ ತಂದೆ ತಾಯಿ ಆಶೀರ್ವಾದ. ಆದರೂ ಬ್ರೇಕ್ ಹಾಕುವುದಿಲ್ಲ. ಕಾರಣ ಕೇಳಿ ನೋಡಿ. ಪೊಲೀಸರು ನಮ್ಮನ್ನೇ ಹಿಡ್ಕೋತಾರೆ, ಆಸ್ಪತ್ರೆಯಲ್ಲಿ ದುಡ್ಡು ಕಟ್ಟು ಅಂತಾರೆ, ಸಾಕ್ಷಿ ಅಂತ ಕೋರ್ಟು ಅಲೆಯೋರ್ಯಾರು? ಈ ಭಯ ಸುಳ್ಳೇನಲ್ಲ. ಅದಕ್ಕೇ 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಸಹಾಯಕ್ಕೆ ಬಂದವರನ್ನು ಕಾಪಾಡುವ ನಿಯಮಗಳಿಗೆ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಸಹಾಯ ಮಾಡಿದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕು ಅಂತ ಪೊಲೀಸರು ಒತ್ತಾಯ ಮಾಡುವ ಹಾಗಿಲ್ಲ. ಒಬ್ಬ ಲಾರಿ ಡ್ರೈವರ್‌ಗೆ ಪುಣ್ಯದ ಮಾತು ನೂರು ಸಲ ಹೇಳುವುದಕ್ಕಿಂತ ಈ ನಿಯಮ ಒಂದು ಸಲ ಮನದಟ್ಟು ಮಾಡಿಸಿದರೆ ಅವನು ಗಾಡಿ ನಿಲ್ಲಿಸುವ ಸಂಭವ ಜಾಸ್ತಿ.

ನಂಬಿಕೆ ಎಷ್ಟು ದೂರ ಬರುತ್ತದೆ ಅಂತ 1973ರಲ್ಲಿ ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪರೀಕ್ಷೆ ಮಾಡಿದ್ದರು. ಪಾದ್ರಿಗಳಾಗಲು ಓದುತ್ತಿದ್ದ ಹುಡುಗರನ್ನು ಇನ್ನೊಂದು ಕಟ್ಟಡಕ್ಕೆ ಭಾಷಣಕ್ಕೆ ಅಂತ ಕಳಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಿದ್ದ. ಅರ್ಧದಷ್ಟು ಹುಡುಗರ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರಿಯದವನ ಬೈಬಲ್ ಕಥೆ! ಸಮಯ ಇದೆ ಅಂದುಕೊಂಡವರಲ್ಲಿ 63% ನಿಂತು ಸಹಾಯ ಮಾಡಿದರು. ತಡವಾಯ್ತು ಓಡು ಅನ್ನಿಸಿಕೊಂಡವರಲ್ಲಿ 10% ಮಾತ್ರ. ಭಾಷಣದ ವಿಷಯದಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಈಗ ಕೇಂದ್ರ ಸರ್ಕಾರವೇ ಕರ್ಮಫಲವನ್ನು ನಗದಿನಲ್ಲಿ ಕೊಡಲು ಹೊರಟಿದೆ. ಗಾಯಾಳುವನ್ನು ಬೇಗ ಆಸ್ಪತ್ರೆಗೆ ಸೇರಿಸಿದವರಿಗೆ 2021ರಲ್ಲಿ 5,000 ರೂಪಾಯಿ ಬಹುಮಾನ ಶುರುವಾಯಿತು, 2025ರಲ್ಲಿ ಅದು 25,000 ಆಯಿತು. ನನ್ನ ತಕರಾರಿಲ್ಲ, ಕೊಡಲಿ. ಆದರೆ ರಾತ್ರಿ ಎರಡು ಗಂಟೆಗೆ ನುಜ್ಜುಗುಜ್ಜಾದ ಕಾರಿನ ಬಾಗಿಲು ಎಳೆಯುತ್ತಿರುವವನ ತಲೆಯಲ್ಲಿ ಬಹುಮಾನವೂ ಇರುವುದಿಲ್ಲ, ಮುಂದಿನ ಜನ್ಮವೂ ಇರುವುದಿಲ್ಲ. ಏನು ಮಾಡಬೇಕು ಅನ್ನುವುದು ಗೊತ್ತಿರಬೇಕು, ಅಷ್ಟೇ.

ಹಾಗಾಗಿ ನಮ್ಮ ಮನೆ ಮಕ್ಕಳು ಬೈಕ್ ಲೈಸೆನ್ಸ್ ತಗೊಂಡ ದಿನ ನಾನು ಹೇಳುವುದು ಇಷ್ಟು. 108ಕ್ಕೆ ಫೋನ್ ಮಾಡು. ಹೆದ್ದಾರಿ ಆದರೆ ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ನೋಡಿ ಹೇಳು, ಯಾವ ಊರಿನ ಕಡೆಗೆ ಹೋಗುವ ಬದಿ ಅಂತಲೂ ಹೇಳು, ಇಲ್ಲದಿದ್ದರೆ ಆಂಬುಲೆನ್ಸ್ ಡಿವೈಡರ್‌ನ ಆ ಕಡೆ ಬಂದು ನಿಲ್ಲುತ್ತದೆ. ರಕ್ತ ಸುರಿಯುತ್ತಿದ್ದರೆ ಟವಲ್ಲೋ ವೇಲೋ ಮಡಚಿ ಒತ್ತಿ ಹಿಡಿ. ಬೆಂಕಿಯ ಭಯ ಇಲ್ಲದಿದ್ದರೆ ಕೈಕಾಲು ಹಿಡಿದು ಎಳೆಯಬೇಡ, ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡ, ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಸುತ್ತ ಸೇರಿದವರಲ್ಲಿ ಅಯ್ಯೋ ಪಾಪ ಅಂತ ಬಾಟಲಿ ಹಿಡಿದು ಬರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ತಡೆ.