ಸತ್ಯಾಂಶ: ಹಾರೆ ಉದ್ದವಿದ್ದರೆ ಸಾಕೇ?

"ಐದಡಿ ಹಾರೆ ಇದ್ದರೆ ಎಂಥ ದಿಮ್ಮಿಯನ್ನೂ ಒಬ್ಬನೇ ಹೊರಳಿಸಬಹುದು" ಎಂಬ ಮೆಸೇಜು ಕೊಪ್ಪಳ ಕಡೆಯ ನಮ್ಮ ವಾಟ್ಸಾಪ್ ಗುಂಪಿಗೂ ಬಂತು. ಅರ್ಧ ಸತ್ಯ.

ಉದ್ದಕ್ಕಿಂತ ಮುಖ್ಯ, ಹಾರೆಯ ಅಡಿಗಿಡುವ ಕಲ್ಲು ಎಲ್ಲಿದೆ ಎಂಬುದು. 5 ಅಡಿ ಹಾರೆಯ ದಿಮ್ಮಿ ಕಡೆಯ ತುದಿಯಿಂದ ಅರ್ಧ ಅಡಿಗೆ ಕಲ್ಲಿಟ್ಟರೆ ನಿಮ್ಮ ಬಲ ಸುಮಾರು 9 ಪಟ್ಟು. ಅದೇ ಕಲ್ಲು ನಟ್ಟನಡುವೆ ಇದ್ದರೆ ಒಂದಕ್ಕೊಂದು. ಹಾರೆ ಇದ್ದೂ ಇಲ್ಲದಂತೆ. ಆ 9 ಪಟ್ಟು ಕೂಡ ಪುಕ್ಕಟೆಯಲ್ಲ: ಕೈ 36 ಇಂಚು ಇಳಿದರೆ ದಿಮ್ಮಿ ಏಳುವುದು ಬರೀ 4 ಇಂಚು. ಎದ್ದಷ್ಟಕ್ಕೆ ಅಡಿಯಲ್ಲೊಂದು ಕಟ್ಟಿಗೆ ತುಂಡು ತುರುಕಿ (ಕೈಯಿಂದಲ್ಲ, ಇನ್ನೊಂದು ಕೋಲಿನಿಂದ) ಮತ್ತೆ ಮೀಟಬೇಕು.

ನಮ್ಮಲ್ಲಿ ಒಲೆಗೆ ಸಿಗುವುದು ಹೆಚ್ಚಾಗಿ ಬಳ್ಳಾರಿ ಜಾಲಿ. ಹೆಸರಷ್ಟೇ ಬಳ್ಳಾರಿಯದು, ತವರು ಅಮೆರಿಕ ಖಂಡ. ಗಟ್ಟಿ, ಭಾರ, ಮೇಲಾಗಿ ಸೊಟ್ಟ. ಸೊಟ್ಟ ದಿಮ್ಮಿ ಅರ್ಧ ಹೊರಳಿ ವಾಪಸ್ ಬೀಳುತ್ತದೆ; ಆಗ ಹಾರೆಯ ಈಚೆ ತುದಿ ಸಟ್ಟನೆ ಮೇಲಕ್ಕೆ ಚಿಮ್ಮುತ್ತದೆ. ಗದ್ದ ಅದರ ನೇರಕ್ಕಿರಬಾರದು. ಹಾರೆ ಮೇಲೆ ಕೂತು ಒತ್ತುವುದಂತೂ ಬೇಡ, ಪಕ್ಕಕ್ಕೆ ನಿಂತು ಒತ್ತಿ. ಎರೆ ಹೊಲದಲ್ಲಿ ಕಲ್ಲು ಹೂತುಹೋಗುತ್ತದೆ, ಅಡಿಗೊಂದು ಹಲಗೆ ಹಾಕಿ. ಇಷ್ಟಾದರೂ ದಿಮ್ಮಿ ಅಲುಗದಿದ್ದರೆ ಗರಗಸ ತಂದು ಅಲ್ಲೇ ಎರಡು ತುಂಡು ಮಾಡಿ.